ಆಯುತ್ಥಯದಲ್ಲಿ ರಾತ್ರಿ ಉಳಿಯುವಂಥದ್ದು ಏನಿದೆ?

ಥಾಯ್ಲೆಂಡಿಗೆ ಹೊರಟವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಬ್ಯಾಂಕಾಕಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ಆಯುತ್ಥಯದಲ್ಲಿ, ಅದೂ ಒಬ್ಬಳೇ ಹೋದಾಗ, ರಾತ್ರಿ ಉಳಿಯುವ ಅಗತ್ಯವೇನು? ಇರುವುದು ಸುಮಾರು 80 ಕಿ.ಮೀ. ದೂರವಾದ್ದರಿಂದ ಪ್ರಶ್ನೆ ಸಹಜವೇ. ಆದರೆ 1351ರಿಂದ 1767ರವರೆಗೆ ಸಯಾಮಿನ, ಅಂದರೆ ಹಿಂದಿನ ಥಾಯ್ಲೆಂಡಿನ, ರಾಜಧಾನಿಯಾಗಿದ್ದ ಊರನ್ನು ಪ್ರವಾಸಿ ವ್ಯಾನಿನ ವೇಳಾಪಟ್ಟಿಗೆ ಒಗ್ಗಿಸಿಕೊಂಡು ನೋಡಿದರೆ ಕಣ್ಣಿಗೆ ಬೀಳುವುದು ಇಟ್ಟಿಗೆಯ ಗೋಪುರಗಳು ಮಾತ್ರ. ಯಾವ ಗೋಪುರ ಯಾರಿಗಾಗಿ ಎದ್ದಿತೆಂಬುದನ್ನು ತಿಳಿಯಲು ಬಿಡುವು ಬೇಕು.

ವಾಟ್ ರಾಚಬೂರಣವನ್ನೇ ನೋಡಿ (ವಾಟ್ ಎಂದರೆ ಬೌದ್ಧ ವಿಹಾರ). 1424ರಲ್ಲಿ ದೊರೆ ಇಂತರಾಚಾ ತೀರಿಕೊಂಡಾಗ ಅವನ ಹಿರಿಯ ಮಕ್ಕಳಿಬ್ಬರು ಪಟ್ಟಕ್ಕಾಗಿ ಆನೆಗಳನ್ನೇರಿ ಕಾದಾಡಿ ಇಬ್ಬರೂ ಮಡಿದರು; ಪಟ್ಟವೇರಿದ ಮೂರನೆಯವನಾದ ಚಾವ್ ಸಾಮ್ ಫ್ರಾಯಾ, ಅಣ್ಣಂದಿರ ದಹನವಾದ ಜಾಗದಲ್ಲಿ ಈ ವಿಹಾರವನ್ನು ಕಟ್ಟಿಸಿದನು. ಅದರ ನಡುಗೋಪುರದೊಳಗಿನ ನೆಲಮಾಳಿಗೆಯನ್ನು 1957ರಲ್ಲಿ ಕಳ್ಳರು ಅಗೆದು ಚಿನ್ನ ದೋಚಿದ ಮೇಲೆ ಸರ್ಕಾರದ ಲಲಿತಕಲಾ ಇಲಾಖೆ ಉಳಿದದ್ದನ್ನು ಹೊರತೆಗೆಯಿತು. ಆ ನಿಧಿಯನ್ನು ಇರಿಸಿರುವ ವಸ್ತುಸಂಗ್ರಹಾಲಯಕ್ಕೆ ಚಾವ್ ಸಾಮ್ ಫ್ರಾಯಾನ ಹೆಸರೇ ಇದೆ. ಗೋಪುರದ ಕಡಿದಾದ ಮೆಟ್ಟಿಲುಗಳನ್ನು ಇಳಿದು ಮಾಸಿದ ಭಿತ್ತಿಚಿತ್ರಗಳನ್ನು ಕಂಡು, ನಡುಹಗಲಿನ ಬಿಸಿಲಿನಲ್ಲಿ ಸಂಗ್ರಹಾಲಯದ ಒಳಗೆ ಚಿನ್ನದ ಖಡ್ಗವನ್ನೂ ರತ್ನಖಚಿತವಾದ ಪುಟ್ಟ ಆನೆಯನ್ನೂ ಸಾವಕಾಶವಾಗಿ ನೋಡಿ, ಸಂಜೆ ಮತ್ತೊಮ್ಮೆ ಅದೇ ಗೋಪುರದ ಬುಡಕ್ಕೆ ಬರಬೇಕೆನಿಸಿದರೆ ಯಾರ ಒಪ್ಪಿಗೆಯೂ ಬೇಕಿಲ್ಲ. ಒಂಟಿ ಪ್ರಯಾಣವನ್ನು ನಾನು ಮೆಚ್ಚುವುದು ಇದಕ್ಕಾಗಿಯೇ.

ಪಕ್ಕದ ವಾಟ್ ಮಹಾಥಾಟ್‌ನಲ್ಲಿ ಮರದ ಬೇರುಗಳ ನಡುವೆ ಸಿಕ್ಕಿರುವ ಬುದ್ಧನ ಶಿರಸ್ಸನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವವರು ತಮ್ಮ ತಲೆ ಬುದ್ಧನ ಶಿರಸ್ಸಿಗಿಂತ ಕೆಳಗಿರುವಂತೆ ಕುಳಿತುಕೊಳ್ಳಬೇಕು. ದಯವಿಟ್ಟು ಇದನ್ನು ಪಾಲಿಸಿ, ಏಕೆಂದರೆ ನಮಗೆ ಅದು ಅವಶೇಷವಾದರೂ ಅಲ್ಲಿನವರಿಗೆ ಪೂಜ್ಯ. ಸುತ್ತಲಿನ ತಲೆಯಿಲ್ಲದ ಮೂರ್ತಿಗಳಿಗೆ 1767ರಲ್ಲಿ ಊರನ್ನು ಸುಟ್ಟ ಬರ್ಮಾದ ಸೈನ್ಯವನ್ನು ಮಾತ್ರ ದೂರುವುದು ಸರಿಯಲ್ಲ. ಶಿರಸ್ಸುಗಳನ್ನು ಕಡಿದು ಮಾರಿದ ನಂತರದ ಕಳ್ಳರ ಪಾಲೂ ಅದರಲ್ಲಿದೆ.

ಓಡಾಟ ಕಷ್ಟವಲ್ಲ. ರೈಲು ನಿಲ್ದಾಣ ಪಾ ಸಾಕ್ ನದಿಯ ಪೂರ್ವ ದಡದಲ್ಲಿದೆ. ದೋಣಿಯಲ್ಲಿ ದಾಟಿದರೆ, ಚಾವ್ ಫ್ರಾಯಾ, ಪಾ ಸಾಕ್, ಲೋಪ್‌ಬುರಿ ನದಿಗಳು ಸುತ್ತುವರಿದ ಹಳೆಯ ಊರು. ನೆಲ ಸಮತಟ್ಟಾಗಿರುವುದರಿಂದ ಬಾಡಿಗೆ ಸೈಕಲ್ ಸಾಕು. ದೊರೆ ಪ್ರಾಸಾಟ್ ಥಾಂಗ್ 1630ರಲ್ಲಿ ಕಟ್ಟಿಸತೊಡಗಿದ ವಾಟ್ ಚೈವತ್ತನಾರಾಮ್ ಚಾವ್ ಫ್ರಾಯಾದ ಪಶ್ಚಿಮದ ದಡದಲ್ಲಿದ್ದು, ಅದನ್ನು ಇಳಿಹೊತ್ತಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆಯೇ, ಬ್ಯಾಂಕಾಕಿನ ವ್ಯಾನುಗಳು ಬರುವ ಮುನ್ನ, ಅರಸರ ಅಸ್ಥಿಗಳಿಗಾಗಿ ಕಟ್ಟಿದ ಮೂರು ಸ್ತೂಪಗಳಿರುವ ವಾಟ್ ಫ್ರಾ ಸಿ ಸನ್‌ಫೆಟ್‌ಗೆ ಹೋಗಿ. ಊರಿನಲ್ಲೇ ಉಳಿದವರಿಗೆ ಮಾತ್ರ ಅದು ಸಾಧ್ಯ.