ತೋಟದ ಮಕ್ಕಳಿಗೆ ಶಾಲೆಯಲ್ಲೊಂದು ಕೋಣೆ

ಕೊಡಗಿನ ಸಿದ್ದಾಪುರದ ಆಸುಪಾಸಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು ನಡೆಯುವಾಗ, ನಾನು ಮುಖ್ಯ ಶಿಕ್ಷಕಿಯಾಗಿರುವ ಕಿರಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕದಲ್ಲಿ ನಾಲ್ಕನೆಯ, ಐದನೆಯ ತರಗತಿಯ ಹೆಣ್ಣುಮಕ್ಕಳ ಗೈರುಹಾಜರಿ ಪ್ರತಿ ವರ್ಷವೂ ಏರುತ್ತಿತ್ತು. ಅವರಿಗೆ ಓದಿನಲ್ಲಿ ಮನಸ್ಸಿರಲಿಲ್ಲವೆಂದಲ್ಲ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಆ ದಿನಗಳಲ್ಲಿ ತಂದೆತಾಯಿ ಇಬ್ಬರೂ ಹಣ್ಣು ಕೊಯ್ಯಲು ಹೋದರೆ, ತೋಟದ ಕೂಲಿಯವರು ವಾಸಿಸುವ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಲು ಅಕ್ಕನೊಬ್ಬಳೇ ಉಳಿಯುತ್ತಿದ್ದಳು. ಮಗುವನ್ನು ತೋಟಕ್ಕೇ ಕರೆದೊಯ್ದು ಮರದ ಬುಡದಲ್ಲಿ ಗೋಣಿಚೀಲ ಹಾಸಿ ಮಲಗಿಸೋಣವೆಂದರೆ ಕಾಡಾನೆಗಳ ಭಯ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತ್ತು. ಆದರೆ ಕೊಡಗಿನ ಹೆಚ್ಚಿನ ಹಿಡುವಳಿಗಳು ಸಣ್ಣವು. ನಮ್ಮ ಸುತ್ತಮುತ್ತ ಒಂದೊಂದು ತೋಟದಲ್ಲಿ ಹತ್ತು ಹದಿನೈದು ಹೆಂಗಸರು ಕೆಲಸ ಮಾಡಿದರೆ ಅದೇ ಹೆಚ್ಚು. ಹಾಗಾಗಿ ಈ ಮಕ್ಕಳ ಹೊಣೆ ಯಾರ ಮೇಲೂ ಬೀಳುತ್ತಿರಲಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ನಾನು ಈ ಪುಟ್ಟ ಮಕ್ಕಳಿಗಾಗಿ ಶಾಲೆಯಲ್ಲೇ ಒಂದು ನರ್ಸರಿ ತೆರೆಯುವ ಮಾತೆತ್ತಿದಾಗ, ಅಂಗನವಾಡಿ ಇರುವಾಗ ಇದೇಕೆ ಎಂಬ ಪ್ರಶ್ನೆ ಬಂದಿತು; ಅದು ನ್ಯಾಯವಾದ ಪ್ರಶ್ನೆಯೇ. ಉತ್ತರವನ್ನು ಅಂಗನವಾಡಿ ಕಾರ್ಯಕರ್ತೆಯೇ ಕೊಟ್ಟರು. ನಡುವೆ ಆನೆ ದಾಟುವ ದಾರಿ ಇರುವುದರಿಂದ ಈ ಬದಿಯ ಲೈನ್ ಮನೆಗಳ ಮಕ್ಕಳು ತಮ್ಮಲ್ಲಿಗೆ ಬರುವುದೇ ಇಲ್ಲವೆಂದೂ, ಆ ಮಕ್ಕಳಿಗಾಗಿ ಶಾಲೆಯಲ್ಲಿ ಏನಾದರೂ ಆಗುವುದಾದರೆ ತಮಗೆ ಸಂತೋಷವೆಂದೂ ಅವರು ಹೇಳಿದ ಮೇಲೆ ಚರ್ಚೆ ಬೇಗ ಮುಗಿಯಿತು.

ಮಕ್ಕಳ ಸಂಖ್ಯೆ ಇಳಿದು ಖಾಲಿಯಾಗಿದ್ದ ಕೋಣೆಯೊಂದಕ್ಕೆ ಮಳೆಗಾಲದ ಮೊದಲೇ ಹೆಂಚು ಹೊದಿಸಿದೆವು. ನೆಲದ ತೇವ ಮೇಲೇರದಂತೆ ಟಾರ್ಪಾಲು, ಅದರ ಮೇಲೆ ಚಾಪೆ, ಅದರ ಮೇಲೆ ದಪ್ಪನೆಯ ಜಮಖಾನ ಹಾಸಿದೆವು. ಖರ್ಚನ್ನು ಹಳೆಯ ವಿದ್ಯಾರ್ಥಿಗಳೂ ಕೆಲವು ಬೆಳೆಗಾರರೂ ಹಂಚಿಕೊಂಡರು.

ಜೂನ್ ತಿಂಗಳ ಜಡಿಮಳೆಯಲ್ಲಿ ನರ್ಸರಿ ಆರಂಭವಾಯಿತು. ಯರವ ಆದಿವಾಸಿಗಳ ಹಾಡಿಯಿಂದ ಬಂದ ಮೂರೂವರೆ ವರ್ಷದ ಹುಡುಗನೊಬ್ಬ ತನ್ನ ಅಕ್ಕನ ಲಂಗವನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟ. ನಮ್ಮ ಶಿಕ್ಷಕಿ ಕನ್ನಡದಲ್ಲಿ ಎಷ್ಟು ಮುದ್ದಾಗಿ ಕರೆದರೂ ಅವನು ಅಲುಗಲಿಲ್ಲ. ಅದೇ ಹಾಡಿಯಿಂದ ಆಯಾ ಕೆಲಸಕ್ಕೆ ಬಂದಿದ್ದ ಹೆಂಗಸು ಒದ್ದೆ ಕೊಡೆಯನ್ನು ಮೂಲೆಗಿಟ್ಟು, ನೆಲದ ಮೇಲೆ ಕುಳಿತು, ತಮ್ಮ ಭಾಷೆಯಲ್ಲಿ ಅವನೊಡನೆ ಏನೋ ಮಾತನಾಡಿದರು. ಹುಡುಗ ಒಂದು ಕೈಯನ್ನು ಬಿಟ್ಟ, ಸ್ವಲ್ಪ ಹೊತ್ತಿನ ಬಳಿಕ ಇನ್ನೊಂದನ್ನೂ ಬಿಟ್ಟು ಮರದ ತುಂಡುಗಳತ್ತ ಹೋದ. ಅಕ್ಕ ನನ್ನ ಮುಖ ನೋಡಿ, “ಟೀಚರ್, ನಾನು ಕ್ಲಾಸಿಗೆ ಹೋಗ್ಲಾ?” ಎಂದು ಕೇಳಿದಳು. ಮನೆಯಲ್ಲಿ ಯರವ, ಅರೆಭಾಷೆ, ಮಲಯಾಳಂ, ತಮಿಳು ಎಂದು ನಾನಾ ಭಾಷೆಗಳನ್ನಾಡುವ ಮಕ್ಕಳು ಬರುವ ಊರಿನಲ್ಲಿ, ಮಗುವಿನ ಮನೆಮಾತು ಬಲ್ಲ ಒಬ್ಬರಾದರೂ ಆ ಕೋಣೆಯಲ್ಲಿ ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆಟಿಕೆ, ಗೋಡೆಚಿತ್ರಗಳೆಲ್ಲ ಅನಂತರದ ಮಾತು.

ನರ್ಸರಿಯನ್ನು ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಸಬೇಕೆಂಬುದು ಸಮಿತಿಯ ಮೊದಲ ತೀರ್ಮಾನವಾಗಿತ್ತು. “ಹನ್ನೆರಡೂವರೆಗೆ ಬಿಟ್ಟರೆ ದೊಡ್ಡವಳನ್ನು ಮತ್ತೆ ಮನೆಯಲ್ಲೇ ಕೂರಿಸಬೇಕಲ್ಲ ಟೀಚರ್” ಎಂದು ತಾಯಿಯೊಬ್ಬಳು ಹೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಕೊಯ್ಲಿನ ಹೆಂಗಸರು ಹಣ್ಣು ತೂಕಕ್ಕೆ ಹಾಕಿ, ಲೆಕ್ಕ ಬರೆಸಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಆದ್ದರಿಂದ ಕೊಯ್ಲು ಶುರುವಾದ ಮೇಲೆ ಸಂಜೆ ಐದರವರೆಗೆ ಕೋಣೆ ತೆರೆದಿರಬೇಕೆಂದು ನಿರ್ಧರಿಸಿದೆವು. ಆಯಾ ಅವರ ಹೆಚ್ಚುವರಿ ಸಂಬಳವನ್ನು ಬೆಳೆಗಾರರು ಒಪ್ಪಿಕೊಂಡರು. ಆ ಜನವರಿಯಲ್ಲಿ ದೊಡ್ಡ ಹುಡುಗಿಯರ ಹಾಜರಿ ಸುಧಾರಿಸಿದ್ದನ್ನು ಪುಸ್ತಕದಲ್ಲಿ ನೋಡಿ ನನಗಾದ ಸಂತೋಷ ಸಣ್ಣದಲ್ಲ.

ಮೂರು ವರ್ಷದೊಳಗಿನ ಕೂಸುಗಳು ಮಾತ್ರ ಇನ್ನೂ ಹೊರಗೇ ಉಳಿದಿವೆ. ಗ್ರಾಮ ಪಂಚಾಯಿತಿಗಳ ಮೂಲಕ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿತ್ತು. ಅಂಥದೊಂದನ್ನು ನಮ್ಮ ಶಾಲೆಯ ಪಕ್ಕದ ಕೋಣೆಯಲ್ಲೇ ತೆರೆಯುವಂತೆ ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಕೊಯ್ಲಿನೊಳಗೆ ಒಪ್ಪಿಗೆ ಸಿಗುವವರೆಗೆ ಕೇಳುತ್ತಲೇ ಇರುತ್ತೇವೆ.