ಕನ್ನಡವನ್ನೂ ಕೋಡನ್ನೂ ಒಟ್ಟಿಗೆ ಬರೆಯಲು ಕೇಟ್ ಎಡಿಟರ್

ನನ್ನ ಕೆಲಸದಲ್ಲಿ ಪೈಥಾನ್ ಭಾಷೆಯ ಕೋಡ್ ಎಷ್ಟಿದೆಯೋ ಕನ್ನಡವೂ ಅಷ್ಟೇ ಇದೆ. ಊರುಗಳ ಪಟ್ಟಿ, ಹೆಸರುಗಳ ಪಟ್ಟಿ, ಪದಪಟ್ಟಿ, ಇವನ್ನೆಲ್ಲ ಸೋಸಿ ಸರಿಪಡಿಸುವ ಸ್ಕ್ರಿಪ್ಟ್ ಬರೆಯುತ್ತೇನೆ. ಹಾಗಾಗಿ ಲಿನಕ್ಸ್‌ನಲ್ಲಿ ಕೋಡ್ ಬರೆಯಲು ಯಾವ ಎಡಿಟರ್ ಒಳ್ಳೆಯದು ಅಂತ ಯಾರೇ ಕೇಳಲಿ, ಅದರಲ್ಲಿ ಕನ್ನಡ ಹೇಗೆ ಕಾಣುತ್ತದೆ ಅನ್ನುವುದರಿಂದಲೇ ನನ್ನ ಮಾತು ಶುರು.

ವಿಮ್ ಎಂಬ ಹಳೆಯ ಎಡಿಟರ್ ಮೇಲೆ ನನಗೆ ಅಪಾರ ಗೌರವ. 1991ರಲ್ಲಿ ಅದನ್ನು ಹೊರತಂದ ಬ್ರಾಮ್ ಮೂಲೆನಾರ್, 2023ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ನೋಡಿಕೊಂಡರು. ಸರ್ವರ್‌ಗೆ ಲಾಗಿನ್ ಆದಾಗ ನನಗೆ ಇವತ್ತಿಗೂ ಅದೇ ಬೇಕು. ಆದರೆ ವಿಮ್ ಓಡುವುದು ಟರ್ಮಿನಲ್ ಒಳಗೆ, ಅಂದರೆ ಆದೇಶ ಟೈಪಿಸುವ ಕಿಟಕಿಯಲ್ಲಿ. ಟರ್ಮಿನಲ್ ಒಂದೇ ಅಳತೆಯ ಚೌಕಗಳಲ್ಲಿ ಅಕ್ಷರ ಕೂರಿಸುತ್ತದೆ, ನಮ್ಮ ಒತ್ತಕ್ಷರ ಆ ಚೌಕಕ್ಕೆ ಒಗ್ಗುವುದಿಲ್ಲ. ಬಹಳಷ್ಟು ಟರ್ಮಿನಲ್‌ಗಳಲ್ಲಿ ‘ರಾಷ್ಟ್ರ’ ಚೂರುಚೂರಾಗಿ ಕಾಣುತ್ತದೆ.

ಮೈಕ್ರೋಸಾಫ್ಟ್‌ನ ಎಡಿಟರ್ ವಿಎಸ್ ಕೋಡ್‌ನಲ್ಲಿ ಈ ತೊಂದರೆ ಇಲ್ಲ. ಅದರ ಮೂಲ ಕೋಡ್ ಎಂಐಟಿ ಎಂಬ ಮುಕ್ತ ಪರವಾನಗಿಯಲ್ಲಿದೆ, ನಿಜ. ಆದರೆ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಳ್ಳುವ ಪ್ಯಾಕೇಜಿಗೆ ಬೇರೆಯದೇ ಪರವಾನಗಿ, ಜೊತೆಗೆ ಟೆಲಿಮೆಟ್ರಿ, ಅಂದರೆ ನಮ್ಮ ಬಳಕೆಯ ಮಾಹಿತಿ ಕಂಪನಿಗೆ ಹೋಗುವ ವ್ಯವಸ್ಥೆ. ಮುಕ್ತ ತಂತ್ರಾಂಶವೇ ಬೇಕು ಅನ್ನುವವರು ಅದೇ ಮೂಲ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಂ ಹಾಕಿಕೊಳ್ಳಿ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳು ಓಪನ್ ವಿಎಸ್‌ಎಕ್ಸ್ ಎಂಬ ತಾಣದಿಂದ ಬರುತ್ತವೆ, ಪೈಥಾನ್ ಬರೆಯಲು ನೆರವಾಗುವ ಪೈಲ್ಯಾನ್ಸ್‌ನಂಥ ಕೆಲವು ಸಿಗುವುದಿಲ್ಲ.

ನನ್ನ ಕೈಗೆ ಒಗ್ಗಿದ್ದು ಕೇಟ್. 2001ರಿಂದ ಲಿನಕ್ಸ್ ಡೆಸ್ಕ್‌ಟಾಪ್ ಆದ ಕೆಡಿಇ ಜೊತೆ ಬರುತ್ತಿರುವ ಎಡಿಟರ್ ಇದು. ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬಳಸುವವರೂ ಹಾಕಿಕೊಳ್ಳಬಹುದು. ಹಳೇ ಲ್ಯಾಪ್‌ಟಾಪಿನಲ್ಲೂ ಕ್ಲಿಕ್ಕಿಸಿದ ಕೂಡಲೇ ತೆರೆದುಕೊಳ್ಳುತ್ತದೆ, ಎಫ್4 ಒತ್ತಿದರೆ ಕೆಳಗೇ ಟರ್ಮಿನಲ್. ಎಲ್‌ಎಸ್‌ಪಿ (ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್) ಪ್ಲಗಿನ್ ಆನ್ ಮಾಡಿ, ಪೈಥಾನ್‌ನ ಲ್ಯಾಂಗ್ವೇಜ್ ಸರ್ವರ್ (ಕೋಡ್ ಪರೀಕ್ಷಿಸುವ ತಂತ್ರಾಂಶ) ಬೇರೆಯಾಗಿ ಇನ್‌ಸ್ಟಾಲ್ ಮಾಡಿದರೆ, ಬರೆಯುತ್ತಿದ್ದಂತೆ ತಪ್ಪು ತೋರಿಸುತ್ತದೆ, ಫಂಕ್ಷನ್ ಹೆಸರು ಪೂರ್ತಿ ಮಾಡುತ್ತದೆ.

ಇದರ ಹುಡುಕಾಟದ ಸೌಲಭ್ಯವನ್ನು ಮಾತ್ರ ವಿಶೇಷವಾಗಿ ಹೇಳಲೇಬೇಕು. ಕನ್ನಡ ಪಠ್ಯದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಯೂನಿಕೋಡ್ ಅಕ್ಷರಪಟ್ಟಿಯಲ್ಲಿ ಅದರ ಸಂಖ್ಯೆ 200ಸಿ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವುದು ಅದೇ. ಪದದ ನಡುವೆ ಅದು ಬೇಕೇ ಬೇಕು. ತಲೆನೋವು ಪದದ ಕೊನೆಯಲ್ಲಿ ಉಳಿದುಬಿಟ್ಟಾಗ: ಅದು ಕೊನೆಗಿರುವ ‘ಬಸ್’, ಅದಿಲ್ಲದ ‘ಬಸ್’ ಎರಡನ್ನೂ ಅಕ್ಕಪಕ್ಕ ಇಟ್ಟರೆ ಕೂದಲೆಳೆಯ ವ್ಯತ್ಯಾಸವೂ ಕಾಣದು, ಪೈಥಾನ್ ಮಾತ್ರ ಎರಡೂ ಬೇರೆ ಅನ್ನುತ್ತದೆ. ಕೇಟ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ನಮೂನೆ ಕೊಟ್ಟು ಹುಡುಕುವ ವಿಧಾನ) ಆರಿಸಿ ಆ ಸಂಕೇತವನ್ನೇ ಹುಡುಕಬಹುದು. ಪದದ ಕೊನೆಗಿರುವುದನ್ನಷ್ಟೇ ಅಳಿಸಿ, ನಡುವಿನದನ್ನು ಹಾಗೇ ಬಿಡಬಹುದು.

ಒಂದು ಕೊರತೆ ಇದೆ. ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇರದ ಕಾರಣ ಕಾಲಂಗಳು ನೇರ ನಿಲ್ಲುವುದಿಲ್ಲ, ಬ್ಲಾಕ್ ಸೆಲೆಕ್ಷನ್ (ಕಾಲಂ ಉದ್ದಕ್ಕೂ ಆಯ್ಕೆ) ನಂಬಿ ಕೂರಬೇಡಿ. ಅಂಥ ಕೆಲಸವನ್ನು ನಾನು ಲಿಬ್ರೆಆಫೀಸ್ ಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್‌ನಲ್ಲಿ ಮುಗಿಸಿ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಕಡತ) ಮಾಡಿ ತರುತ್ತೇನೆ.