ಫ್ರಾನ್ಸಿಯಂ ಕೆಳಗಿನ ಪೆನ್ಸಿಲ್ ಮನೆ

ಲಿಂಗಸುಗೂರಿನ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಆವರ್ತ ಕೋಷ್ಟಕದ ಹಳೆಯ ಪಟವೊಂದಿದೆ. ಅದರಲ್ಲಿ ಫ್ರಾನ್ಸಿಯಂ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಒಂದು ಮನೆ ಗೀಚಿ 119 ಎಂದು ಬರೆದಿದ್ದರು. ಅಂದರೆ ಇನ್ನೂ ಯಾರೂ ಸೃಷ್ಟಿಸಲಾಗದ 119ನೇ ಮೂಲವಸ್ತು. ಗದರುವ ಬದಲು ಅದನ್ನೇ ಪಾಠಕ್ಕೆ ಎತ್ತಿಕೊಂಡೆ. ಎಡವಿದ್ದೂ ಅಲ್ಲಿಯೇ.

"ಫ್ರಾನ್ಸಿಯಂ ಇರುವ ಈ ಕಂಬಸಾಲಿನ ಗುಂಪಿನಲ್ಲಿ ಕೆಳಗಿಳಿದಷ್ಟೂ ಸಿಟ್ಟು ಹೆಚ್ಚು. ಸೋಡಿಯಂ ನೀರಿನ ಮೇಲೆ ಬುಸುಗುಡುತ್ತಾ ಓಡಾಡುತ್ತದೆ, ಸೀಸಿಯಂ ಮುಟ್ಟಿದೊಡನೆ ಸಿಡಿಯುತ್ತದೆ. 119 ಅದನ್ನೂ ಮೀರಿಸೀತು" ಎಂದುಬಿಟ್ಟೆ. ರಾತ್ರಿ ಓದಲು ಕುಳಿತರೆ ಲೆಕ್ಕ ತಿರುವುಮುರುವು.

ಮರುದಿನ ಕಿವಿಯ ಚಿನ್ನದ ಬೆಂಡೋಲೆ ಬಿಚ್ಚಿ ಮೇಜಿನ ಮೇಲಿಟ್ಟೆ. ಹಟ್ಟಿ ಗಣಿಯಲ್ಲಿ ಭೂಮಿಯೊಳಗೆ ದುಡಿದ ಅಪ್ಪ ಸಂಬಳ ಕೂಡಿಟ್ಟು ಮಾಡಿಸಿದ್ದು. ಪಕ್ಕದಲ್ಲಿ ಒಬ್ಬ ಹುಡುಗಿಯ ಬೆಳ್ಳಿ ಚೈನು. ಕೋಷ್ಟಕದಲ್ಲಿ ಎರಡೂ ಒಂದೇ ಗುಂಪಿನವು. ಇದೇಕೆ ಬಿಳಿ, ಅದೇಕೆ ಹಳದಿ?

ಚಿನ್ನದ ಬೀಜಕೇಂದ್ರದಲ್ಲಿ 79 ಪ್ರೋಟಾನ್‌ಗಳು. ಆ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧವನ್ನೂ ದಾಟಿ ಓಡುತ್ತವೆ. ಅಷ್ಟು ವೇಗದಲ್ಲಿ ಐನ್‌ಸ್ಟೈನ್ ಹೇಳಿದಂತೆ ಅವು ಭಾರವಾಗುತ್ತವೆ, ಕಕ್ಷೆ ಕುಗ್ಗುತ್ತದೆ, ಹೊರಗಿನ ಎಸ್ ಎಂಬ ದುಂಡನೆಯ ಕಕ್ಷೆಯೂ ಜೊತೆಗೇ ಕುಗ್ಗುತ್ತದೆ. ಅದರಿಂದಾಗಿಯೇ ಚಿನ್ನ ನೀಲಿ ಬೆಳಕನ್ನು ನುಂಗಿ ನಮಗೆ ಹಳದಿಯಾಗಿ ಕಾಣುತ್ತದೆ. 119ರಲ್ಲಿ ಆ ಓಟ ಬೆಳಕಿನ ವೇಗದ ಶೇಕಡಾ 87ರ ಆಸುಪಾಸು. ಈ ಗುಂಪಿನ ಸಿಟ್ಟೆಲ್ಲ ಹೊರಗಿನ ಒಂಟಿ ಎಲೆಕ್ಟ್ರಾನನ್ನು ಸುಲಭಕ್ಕೆ ಬಿಟ್ಟುಕೊಡುವುದರಲ್ಲಿದೆ; 119 ಅದನ್ನು ಹಾಗೆ ಕೈಬಿಡುವುದಿಲ್ಲ: ಅದನ್ನು ಕೀಳಲು ಸೀಸಿಯಂನಲ್ಲಿ 3.89 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಸಾಕು, ಇಲ್ಲಿ ಸುಮಾರು 4.8 ಬೇಕೆಂದು ಲೆಕ್ಕ. ಪೊಟ್ಯಾಸಿಯಂಗಿಂತಲೂ ಬಿಗಿ. ನಾನು ಹೇಳಿದ ಉಗ್ರ ನರಸಿಂಹ ಎಲ್ಲಿ ಬಂತು?

ಹೆಸರಂತೂ ಆಗಲೇ ಇದೆ, ಉನುನೆನ್ನಿಯಂ. ಒಂದು-ಒಂದು-ಒಂಬತ್ತು ಎಂದಷ್ಟೇ ಅರ್ಥ. ಕೂಸು ಹುಟ್ಟುವ ಮುಂಚೆ ಕುಲಾವಿ! ಜಪಾನಿನ ರಿಕೆನ್ ಸಂಸ್ಥೆ ಕ್ಯೂರಿಯಂಗೆ ವನೇಡಿಯಂ ಕಣಗಳನ್ನು ಗುರಿಯಿಟ್ಟು ಹೊಡೆಯುತ್ತಿದೆ. ಕ್ಯೂರಿಯಂನ 96 ಪ್ರೋಟಾನ್‌ಗೆ ವನೇಡಿಯಂನ 23 ಕೂಡಿಸಿದರೆ 119, ಸಂತೆಯ ಲೆಕ್ಕದಷ್ಟೇ ಸರಳ. ಆದರೆ ಬೀಜಕೇಂದ್ರಗಳು ಬೆಸೆದುಕೊಂಡು ನಿಲ್ಲುವುದು ಅಪರೂಪದಲ್ಲಿ ಅಪರೂಪ.

119ರ ಕರಗುವ ಬಿಂದು ಸೊನ್ನೆಯಿಂದ 30 ಡಿಗ್ರಿಯೊಳಗೆ ಇರಬಹುದೆಂಬ ಅಂದಾಜಿದೆ. "ಹಾಗಾದರೆ ನಮ್ಮೂರಿನ ಏಪ್ರಿಲ್‌ನಲ್ಲಿ ನೀರಾಗಿ ಹರಿಯುತ್ತದೆ" ಎಂದೆ. ಹುಟ್ಟಿದರೂ ಅದರ ಆಯುಸ್ಸು ಮೈಕ್ರೋಸೆಕೆಂಡುಗಳಷ್ಟೇ, ಅಂದರೆ ಸೆಕೆಂಡಿನ ಹತ್ತು ಲಕ್ಷದ ಕೆಲವು ಪಾಲು ಇರಬಹುದೆಂದು ತರಗತಿಗೆ ಆಗಲೇ ಹೇಳಿದ್ದೆ. ಹಿಂದಿನ ಬೆಂಚಿನಿಂದ ಉತ್ತರ ಬಂತು: "ಕರಗಲು ಅದಕ್ಕೆ ಪುರುಸೊತ್ತೆಲ್ಲಿದೆ ಮೇಡಂ?"

ಆ ನಗುವಿನ ನಡುವೆ ಬೆಂಡೋಲೆಯ ತಿರುಪು ಮೇಜಿನಿಂದ ಉರುಳಿತು. ಗಂಟೆ ಬಾರಿಸಿದ ಮೇಲೂ ಇಡೀ ತರಗತಿ ಬೆಂಚುಗಳ ಕೆಳಗೆ ಬಗ್ಗಿ ಹುಡುಕುತ್ತಿತ್ತು.